ರಾಷ್ಟ್ರೀಯ ಗ್ರಂಥಾಲಯ ಯಾಕೆ ಬೇಕು? ಊರೂರಿನ ಲೈಬ್ರರಿಗಳೇ ಸಾಕಲ್ವಾ?

ಸಾಕಾಗಲ್ಲ. ಊರಿನ ಲೈಬ್ರರಿ ಓದುಗರು ಕೇಳುವ ಪುಸ್ತಕ ಇಡುತ್ತದೆ. ಹರಿದರೆ, ಯಾರೂ ಮುಟ್ಟದಿದ್ದರೆ ತೆಗೆದುಹಾಕುತ್ತದೆ. ರಾಷ್ಟ್ರೀಯ ಗ್ರಂಥಾಲಯದ ಕೆಲಸ ದೇಶದಲ್ಲಿ ಅಚ್ಚಾದದ್ದನ್ನು ಆರಿಸದೆ ಇಟ್ಟುಕೊಳ್ಳುವುದು.

ಇದಕ್ಕೆ ಆಧಾರ ಒಂದು ಕಾನೂನು. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ, ಪುಸ್ತಕ ಹೊರಬಂದ 30 ದಿನದೊಳಗೆ ಪ್ರಕಾಶಕರು ತಮ್ಮ ಖರ್ಚಿನಲ್ಲೇ ಒಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು. ಚೆನ್ನೈ, ಮುಂಬೈ, ದೆಹಲಿಯ ಮೂರು ಗ್ರಂಥಾಲಯಗಳಿಗೂ ಒಂದೊಂದು. 1956ರಲ್ಲಿ ಪತ್ರಿಕೆಗಳೂ ಇದಕ್ಕೆ ಸೇರಿದವು. ಧಾರವಾಡದಲ್ಲಿ ಅಚ್ಚಾದ ತೆಳ್ಳನೆಯ ಕವನ ಸಂಕಲನಕ್ಕೂ ಇದೇ ನಿಯಮ.

ಆರಿಸದೆ ಇಡೋದು ಯಾಕೆ? ನಾಳೆ ಯಾವುದು ಬೇಕಾಗುತ್ತದೆ ಅಂತ ಇವತ್ತು ಯಾರಿಗೂ ಗೊತ್ತಿರಲ್ಲ. ಹಳೆಯ ಪಂಚಾಂಗ, ನಾಟಕ ಕಂಪನಿಯ ಹಾಡಿನ ಪುಸ್ತಕ, ಅಡುಗೆ ಕೈಪಿಡಿ ಇವೆಲ್ಲ ಆ ಕಾಲದಲ್ಲಿ ಸುಮ್ನೆ ರದ್ದಿಗೆ ಹೋಗುತ್ತಿದ್ದವು. ಜನ ಹೇಗೆ ಬದುಕಿದ್ದರು ಅಂತ ತಿಳಿಯಲು ಇತಿಹಾಸಕಾರರು ಈಗ ಹುಡುಕುವುದು ಅವುಗಳನ್ನೇ.

ಕಪಾಟಿನಲ್ಲಿ ಇಟ್ಟರಷ್ಟೇ ಪುಸ್ತಕ ಉಳಿಯಲ್ಲ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಆಮ್ಲ ಇರುತ್ತದೆ. ಮೊದಲು ಅಂಚು ಹಳದಿಯಾಗುತ್ತದೆ, ಆಮೇಲೆ ಕಂದು. ಕೊನೆಗೆ ಪುಟ ಮಗುಚಿದರೆ ಮೂಲೆ ಹಪ್ಪಳದ ಹಾಗೆ ಮುರಿಯುತ್ತದೆ. ಅದಕ್ಕೇ ಆಮ್ಲ ತೆಗೆಯುತ್ತಾರೆ, ಪುಟಕ್ಕೆ ತೆಳುವಾದ ಕಾಗದ ಅಂಟಿಸುತ್ತಾರೆ, ಸ್ಕ್ಯಾನ್ ಮಾಡುತ್ತಾರೆ.

ನನಗೆ ಬೇಸರದ ವಿಷಯ ಅಂದರೆ, ಪುಸ್ತಕ ಕಳಿಸದವರಿಗೆ ಆ ಕಾಯ್ದೆ ಇಟ್ಟ ದಂಡ ಬರೀ 50 ರೂಪಾಯಿವರೆಗೆ, ಜೊತೆಗೆ ಪುಸ್ತಕದ ಬೆಲೆ. ಇಷ್ಟಕ್ಕೆ ಯಾರು ಹೆದರುತ್ತಾರೆ? ನೀವೇ ಪುಸ್ತಕ ಅಚ್ಚು ಹಾಕಿಸಿದ್ದರೆ ದಯವಿಟ್ಟು ಪ್ರತಿ ಕಳಿಸಿಬಿಡಿ.