ಕ್ಯಾಟಮರಾನ್: ಕಿಟ್ ತಗೊಂಡು ಕಟ್ಟೋದಾ, ಇಲ್ಲ ಪ್ಲೈವುಡ್ ತಂದು ನಾವೇ ಮೊದಲಿಂದ ಶುರು ಮಾಡೋದಾ?

ಕ್ಯಾಟಮರಾನ್ ಅಂದ್ರೆ ಎರಡು ಒಡಲು ಪಕ್ಕಪಕ್ಕ ಜೋಡಿಸಿದ ದೋಣಿ. ಇಪ್ಪತ್ತು ಚಿಲ್ಲರೆ ಅಡಿ ದೋಣಿ ಆದ್ರೆ ಬರೀ ಪ್ಲಾನ್ ತಗೊಂಡು ನೀವೇ ಕತ್ತರಿಸಿ, 40 ಅಡಿ ಆಸೆ ಇದ್ರೆ ಕಿಟ್, ಅಂದ್ರೆ ಮೊದಲೇ ಕತ್ತರಿಸಿದ ಹಲಗೆಗಳ ಸೆಟ್ ನೋಡಿ.

ಕಿಟ್ ಬಂತು ಅಂದ್ರೆ ಅರ್ಧ ದೋಣಿ ಮುಗೀತು ಅಂದ್ಕೋಬೇಡಿ. ಕಿಟ್‌ನಿಂದ ನಿಮಗೆ ತಪ್ಪೋದು ಗುರುತು ಹಾಕಿ ಕತ್ತರಿಸೋ ಕೆಲಸ, ಜೊತೆಗೆ ಮಷಿನ್ ಕಟ್ ಆಗಿರೋದ್ರಿಂದ ಎರಡೂ ಹಲ್ (ದೋಣಿಯ ಒಡಲು) ಒಂದೇ ಅಳತೆಗೆ ಬರುತ್ತೆ, ಅದು ದೊಡ್ಡ ಲಾಭಾನೇ. ಆದ್ರೆ ಆಮೇಲಿನ ಎಪಾಕ್ಸಿ (ಎರಡು ದ್ರವ ಬೆರೆಸಿ ಗಟ್ಟಿಯಾಗೋ ಅಂಟು), ಫೈಬರ್‌ಗ್ಲಾಸ್, ಪೇಂಟು, ಮಾಸ್ಟು (ಹಾಯಿ ಕಂಬ), ಹಾಯಿ, ವೈರಿಂಗು ಎಲ್ಲಾ ಹೇಗಿದ್ರೂ ನಿಮ್ಮ ತಲೆಗೇ, ಮತ್ತೆ ಉಜ್ಜೋದಂತೂ ಮುಗಿಯೋದೇ ಇಲ್ಲ, ಜನ ಅರ್ಧಕ್ಕೆ ಕೈಬಿಡೋದು ಅಲ್ಲೇ.

ಮೊದಲಿಂದ ಕಟ್ಟೋರಿಗೆ ಬ್ರಿಟನ್ನಿನ ದೋಣಿ ವಿನ್ಯಾಸಕ ಜೇಮ್ಸ್ ವಾರಮ್ ಅವರ ಪ್ಲಾನ್‌ಗಳು ಚೆನ್ನಾಗಿವೆ. ಅವರ ಟಿಕಿ ಸರಣಿಯಲ್ಲಿ ಪ್ಲೈವುಡ್ ಹಲಗೆಗಳನ್ನ ತಂತಿಯಲ್ಲಿ ಹೊಲಿದು, ಒಳಮೂಲೆಗೆ ಪುಡಿ ಕಲಸಿದ ಗಟ್ಟಿ ಎಪಾಕ್ಸಿ ಮೆತ್ತಿ, ಮೇಲೆ ಗ್ಲಾಸ್ ಬಟ್ಟೆ ಹಾಕೋದು, ಅಡ್ಡ ತೊಲೆಗಳನ್ನ ಹಲ್‌ಗೆ ಬಿಗಿಯೋದು ಹಗ್ಗದಲ್ಲೇ. ಆಟಿಕೆ ಅಂದ್ಕೋಬೇಡಿ, ರೋರಿ ಮೆಕ್‌ಡೂಗಲ್ ಅನ್ನೋರು ತಾವೇ ಕಟ್ಟಿದ 21 ಅಡಿ ಟಿಕಿಯಲ್ಲಿ 1991ರಿಂದ 97ರೊಳಗೆ ಭೂಮಿ ಸುತ್ತಿದಾರೆ!

ಯಾವ ದಾರಿ ಹಿಡಿದ್ರೂ ಒಂದು ವಿಷ್ಯ: ಎಪಾಕ್ಸಿ ಗಟ್ಟಿಯಾದ್ಮೇಲೆ ಕೆಲವು ಸಲ ಮೇಣದ ಥರ ಜಿಡ್ಡು ಕೂರುತ್ತೆ, ಅದನ್ನ ನೀರಲ್ಲಿ ತೊಳೆದೇ ಸ್ಯಾಂಡ್‌ಪೇಪರ್ ಹಿಡೀಬೇಕು, ಇಲ್ಲಾಂದ್ರೆ ಮುಂದಿನ ಕೋಟ್ ಎದ್ದು ಬರುತ್ತೆ.

ಕಿಟ್ ಹೊರದೇಶದ್ದಾದ್ರೆ ಸಾಗಾಟ, ಕಸ್ಟಮ್ಸ್ ಸೇರಿಸಿಯೇ ರೇಟ್ ಕೇಳಿ.