ಎಮ್ಮೆ ಬಂದ್ಲು, ಕೆರೆಗೆ ಬಿದ್ಲು

ಶಿಕಾರಿಪುರದ ಕಡೆ ಮಕ್ಕಳು 'ನಿನ್ನೆ ಏನಾಯ್ತು ಹೇಳು' ಅಂದರೆ ಎರಡು ಮಾತು ಹೇಳಿ ಸುಮ್ಮನಾಗುತ್ತಾರಲ್ಲ, ಯಾಕೆ ಅಂತ ಕೇಳಿದಿರಿ. ಎಷ್ಟೋ ಮಕ್ಕಳ ಮನೆಮಾತು ಕನ್ನಡ ಅಲ್ಲ, ಅದಕ್ಕೇ. ನಮ್ಮದು ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಜಾಗ. ಲಂಬಾಣಿಗರ ಗುರು ಸೇವಾಲಾಲರ ಸೂರಗೊಂಡನಕೊಪ್ಪ ಈಗ ದಾವಣಗೆರೆಗೆ ಸೇರಿದೆ, 1997ರವರೆಗೆ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ತಾಂಡಾಗಳಲ್ಲಿ, ಅಂದರೆ ಲಂಬಾಣಿಗರ ಊರುಗಳಲ್ಲಿ, ಮಗು ಮೊದಲು ಕಲಿಯುವುದು ಲಂಬಾಣಿ ಮಾತು.

ನಮ್ಮ ಪಕ್ಕದ ತಾಂಡಾದ ಹುಡುಗಿಯೊಬ್ಬಳು ಒಂದನೇ ಕ್ಲಾಸಿನಲ್ಲಿ 'ಎಮ್ಮೆ ಬಂದ್ಲು, ಕೆರೆಗೆ ಬಿದ್ಲು' ಅಂದಳು. ಎಲ್ಲರೂ ನಕ್ಕರು, ಅವಳು ಕೂತುಬಿಟ್ಟಳು. ನನಗೆ ಈಗಲೂ ಸಂಕಟವಾಗುತ್ತದೆ. ಲಂಬಾಣಿಯಲ್ಲಿ ಗಂಡು, ಹೆಣ್ಣು ಎರಡೇ ಲಿಂಗ, ನಪುಂಸಕ ಇಲ್ಲ. ಎಮ್ಮೆ ಹೆಣ್ಣು, ಹಾಗಾಗಿ 'ಬಂದ್ಲು'. ಗೊತ್ತಿದ್ದ ವ್ಯಾಕರಣವನ್ನು ಸರಿಯಾಗಿಯೇ ಹಚ್ಚಿದ್ದಳು. ಅದೇ ಸಂಜೆ ತನ್ನ ಯಾಡಿಗೆ, ಅಂದರೆ ಅಮ್ಮನಿಗೆ, ಅದೇ ಕತೆ ಹೇಳುವುದನ್ನು ಕಂಡೆ. ಹಗ್ಗ ಎಳೆದದ್ದು, ಕರು ಅರಚಿದ್ದು, ಯಾರು ಮೊದಲು ನೀರಿಗಿಳಿದರು ಅನ್ನುವುದು, ಒಂದೂ ಬಿಡದೆ ಕೈ ಆಡಿಸಿ ಆಡಿಸಿ ಹೇಳಿದಳು.

ಕನ್ನಡದಲ್ಲಿ ಹೀಗೆ ಕತೆ ಹೇಳುವುದನ್ನು ಕನ್ನಡದ ಮಕ್ಕಳೂ ಒಂದೇ ದಿನಕ್ಕೆ ಕಲಿಯುವುದಿಲ್ಲ. ಮೊದಮೊದಲು 'ಆಮೇಲೆ... ಆಮೇಲೆ...' ಅನ್ನುತ್ತಾರೆ. 'ಓಡಿ ಹೋಗಿ, ಜಾರಿ ಬಿದ್ದು, ಎದ್ದು ಬಂದೆ' ಅಂತ ಒಂದೇ ಉಸಿರಿಗೆ ಪೋಣಿಸುವುದು ನಂತರ. ಕಣ್ಣಾರೆ ಕಂಡದ್ದಕ್ಕೆ 'ಬಿತ್ತು', ಬೇರೆಯವರಿಂದ ಕೇಳಿದ್ದಕ್ಕೆ 'ಬಿತ್ತಂತೆ' ಅನ್ನಬೇಕು. ಇದನ್ನೆಲ್ಲ ಅಜ್ಜಿಯ ಮಡಿಲಲ್ಲಿ ಕೇಳಿ ಬೆಳೆದ ಮಗುವಿನ ಪಕ್ಕ, ಶಾಲೆಗೆ ಬಂದ ಮೇಲೆ ಕೇಳಿದ ಮಗುವನ್ನು ಕೂರಿಸಿ 'ದಡ್ಡಿ' ಅನ್ನುವುದು ಅನ್ಯಾಯ.

ಒಂದೊಂದು ಭಾಷೆ ಒಂದೊಂದನ್ನು ಮುಖ್ಯ ಮಾಡುತ್ತದೆ. ಮೆಕ್ಸಿಕೋದ ಚಿಯಾಪಾಸ್ ಬೆಟ್ಟಗಳ ತ್ಸೆಲ್ತಾಲ್ ಮಾತಿನಲ್ಲಿ ರೊಟ್ಟಿ ತಿನ್ನುವುದಕ್ಕೆ ಒಂದು ಕ್ರಿಯಾಪದ, ಮಾಂಸಕ್ಕೆ ಇನ್ನೊಂದು, ಮೆತ್ತನೆಯ ಹಣ್ಣಿಗೆ ಮತ್ತೊಂದು. ಅಲ್ಲಿನ ಎಳೆಯ ಮಕ್ಕಳಿಗೆ ಇವು ಬಲು ಬೇಗ ಬಾಯಿಗೆ ಬರುತ್ತವೆ. ನಮ್ಮ ಲಂಬಾಣಿ ಮಕ್ಕಳ ಮಾತನ್ನೂ ಅಷ್ಟೇ ಕಿವಿಗೊಟ್ಟು ಕೇಳಬೇಕಲ್ಲವೇ? 2011ರ ಜನಗಣತಿಯಲ್ಲಿ ಲಂಬಾಣಿ ಆಡುವವರು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು. ಆದರೆ ಎಣಿಸಿರುವುದು ಹಿಂದಿಯ ಲೆಕ್ಕದೊಳಗೆ.

ಆ ಹುಡುಗಿ ಈಗ ಮೂರನೇ ಕ್ಲಾಸು. ಮೊನ್ನೆ ರಸ್ತೆಯಲ್ಲಿ ಸಿಕ್ಕಿ, 'ಅಕ್ಕಾ, ನಮ್ಮ ಕರು ಕಳೆದೋಗಿತ್ತು, ಹೊಲದಲ್ಲಿ ಸಿಕ್ತಂತೆ' ಅಂದಳು. ಯಾರು ಹೇಳಿದರು ಅಂದೆ. 'ಅಣ್ಣ. ನಾನು ನೋಡಿಲ್ಲ' ಅಂದಳು.