ಹಳೇ ಡಿಸ್ನಿ ಕಾರ್ಟೂನ್ ಸಿನಿಮಾಗಳ ಶುರುವಿನಲ್ಲಿ ಎಚ್ಚರಿಕೆ ಯಾಕೆ ಹಾಕುತ್ತಿದ್ದರು?

ಕೆಲವು ಜನಾಂಗಗಳನ್ನು ಅವುಗಳಲ್ಲಿ ಕೀಳಾಗಿ ತೋರಿಸಿದ್ದಾರೆ, ಅದಕ್ಕೆ. 1953ರ 'ಪೀಟರ್ ಪ್ಯಾನ್'ನಲ್ಲಿ ಅಮೆರಿಕದ ಮೂಲನಿವಾಸಿಗಳ ಮೈಬಣ್ಣ ಯಾಕೆ ಕೆಂಪು ಅಂತ ಗೇಲಿ ಮಾಡುವ ಹಾಡೇ ಇದೆ. 1955ರ 'ಲೇಡಿ ಅಂಡ್ ದಿ ಟ್ರ್ಯಾಂಪ್'ನ ಸಯಾಮಿ ಬೆಕ್ಕುಗಳಿಗೆ ಓರೆಗಣ್ಣು, ಹರಕುಮುರುಕು ಇಂಗ್ಲಿಷ್, ಜೊತೆಗೆ ಕಳ್ಳಬುದ್ಧಿ.

1992ರ 'ಅಲ್ಲಾದೀನ್' ನೋಡಿದರೆ ವಿಷಯ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮುಖ ಇಷ್ಟವಾಗದಿದ್ದರೆ ಕಿವಿ ಕತ್ತರಿಸುವ ನಾಡು ಅನ್ನುವ ಅರ್ಥದ ಸಾಲು ಮೊದಲ ಹಾಡಿನಲ್ಲೇ ಇತ್ತು. ಅಮೆರಿಕದ ಅರಬ್ ಸಂಘಟನೆಯೊಂದು ಪ್ರತಿಭಟಿಸಿತು. 1993ರ ವಿಡಿಯೊದಲ್ಲಿ ಆ ಸಾಲು ಬದಲಾಯಿತು, ಊರನ್ನು ಅನಾಗರಿಕ ಅನ್ನುವ ಪದ ಮಾತ್ರ ಉಳಿಯಿತು. 2019ರ ಹೊಸ ಸಿನಿಮಾದಲ್ಲಿ ಅದೂ ಹೋಯಿತು.

ನನಗೆ ಜಾಸ್ತಿ ಬೇಸರ ತರುವುದು ಮಾತಿನ ಧಾಟಿ. ನಾಯಕ, ನಾಯಕಿ ಅಚ್ಚ ಅಮೆರಿಕನ್ನರ ಹಾಗೆ ಮಾತಾಡುತ್ತಾರೆ. ಕಾವಲುಗಾರರಿಗೆ, ಸಂತೆಯ ವ್ಯಾಪಾರಿಗಳಿಗೆ ದಪ್ಪ ಮೂಗು, ಒರಟು ಪರದೇಶಿ ಧಾಟಿ. ಒಳ್ಳೆಯವರು ನಮ್ಮ ಥರ, ಕೆಟ್ಟವರು ಅವರ ಥರ ಅಂತ ಯಾರೂ ಹೇಳಿಕೊಡದೆಯೇ ಮಗುವಿನ ತಲೆಗೆ ಹೋಗಿಬಿಡುತ್ತದೆ, ಅಲ್ವಾ?

ಈ ಚಿತ್ರಣ ಆಗಲೂ ತಪ್ಪು, ಈಗಲೂ ತಪ್ಪು ಅಂತ ಡಿಸ್ನಿ 2020ರಲ್ಲಿ ಎಚ್ಚರಿಕೆಯಲ್ಲೇ ಬರೆಯಿತು. ಸುಮ್ನೆ ದೃಶ್ಯ ಕತ್ತರಿಸುವುದಕ್ಕಿಂತ ಇದು ಒಳ್ಳೆಯದು. 2021ರಲ್ಲಿ 'ಪೀಟರ್ ಪ್ಯಾನ್' ಥರದ ಕೆಲವನ್ನು ಡಿಸ್ನಿ ಪ್ಲಸ್ ಅನ್ನುವ ತಮ್ಮ ಆನ್‌ಲೈನ್ ಸಿನಿಮಾ ಸೇವೆಯಲ್ಲಿ ಚಿಕ್ಕ ಮಕ್ಕಳ ಪ್ರೊಫೈಲ್‌ನಿಂದಲೂ ತೆಗೆದರು.